ಹೊಲಿಗೆಯೊಳಗಿನ ಹಾಳೆ

"ಇದು ನಿಮ್ಮ ಕೈಕೆಲಸಾನೇ ಅಲ್ವಾ, ಗೋಂದಣ್ಣ?" ಎನ್ನುತ್ತಾ ರೆಕಾರ್ಡ್ ರೂಮಿನ ಗುಮಾಸ್ತ ದಪ್ಪ ಸಂಪುಟವೊಂದನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿದ. ಎದ್ದ ಧೂಳಿಗೆ ಇಬ್ಬರೂ ಸೀನಿದರು.

ಕೋರ್ಟಿನ ಹಳೆಯ ತೀರ್ಪುಗಳನ್ನು ವರ್ಷಕ್ಕೊಂದು ಸಂಪುಟದಂತೆ ಬೈಂಡ್ ಮಾಡಿಕೊಡುವ ಕೆಲಸ ಇಪ್ಪತ್ತು ವರ್ಷಗಳಿಂದ ಗೋಂದಣ್ಣನದೇ. ಬೆರಳ ಸಂದಿಯಲ್ಲಿ ಸದಾ ಗೋಂದು ಅಂಟಿರುತ್ತಿದ್ದುದರಿಂದ ಆ ಅಡ್ಡಹೆಸರು ಬಿದ್ದಿತ್ತು. ಬಿಲ್ಲು ಅಂಗಡಿಯ ಹೆಸರಿನಲ್ಲಿ ಹೋಗುತ್ತಿತ್ತು. ಅವನ ನಿಜವಾದ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

"ಈ ಹಾಳೆ ನೋಡಿ. ಸಾಲುಗಳ ಶುರುವೆಲ್ಲ ಹೊಲಿಗೆ ಒಳಗೆ ಹೋಗ್ಬಿಟ್ಟಿದೆ. ಪ್ರತಿವಾದಿ ಹೆಸರು ಕಾಣಲ್ಲ, ಮೊತ್ತದ ಮೊದಲ ಅಂಕಿ ಕಾಣಲ್ಲ. ಹೀಗಿದ್ರೆ ನಕಲು ಹೇಗೆ ಕೊಡ್ಲಿ? ಒಬ್ರು ಟೀಚರ್ ಮೂರು ಸಲ ಬಂದು ಹೋದ್ರು. ಅವರಪ್ಪ ಗೆದ್ದ ಸಾಲದ ಕೇಸು. ಮನೇಲಿದ್ದ ನಕಲನ್ನ ಗೆದ್ದಲು ತಿಂದಿದೆಯಂತೆ. ಡಿಕ್ರಿಗೆ ಹನ್ನೆರಡು ವರ್ಷ ಆಯಸ್ಸು, ಅಷ್ಟರೊಳಗೆ ವಸೂಲಿಗೆ ಅರ್ಜಿ ಹಾಕ್ಬೇಕು. ಇದಕ್ಕೆ ಉಳಿದಿರೋದು ಹನ್ನೊಂದೇ ದಿನ. ನಾಳೆ ಬಂದು ಇಲ್ಲೇ ಕೂತು ಬಿಚ್ಚಿ ಸರಿಮಾಡಿಕೊಡಿ."

ಅವನು ಹಾಳೆಯ ಕಡೆ ನೋಡಲಿಲ್ಲ. "ಆಯ್ತು ಸಾರ್," ಎಂದ.

ಆ ಹಾಳೆಯಲ್ಲಿದ್ದದ್ದು ಅವನದೇ ಹೆಸರು. ಹತ್ತು ಸಾವಿರ ಶಾಲಾ ನೋಟ್‌ಬುಕ್ಕುಗಳ ಆರ್ಡರ್ ಸಿಕ್ಕಿತೆಂದು ಕಾಗದದ ವ್ಯಾಪಾರಿಯ ಬಳಿ ಸಾಲವಾಗಿ ಕಾಗದ ತಂದಿದ್ದ. ಆರ್ಡರ್ ಕೊಟ್ಟವರು ಕೈಯೆತ್ತಿದರು. ವ್ಯಾಪಾರಿ ಎರಡು ವರ್ಷ ಅಂಗಡಿಗೆ ಅಲೆದು, ಕೊನೆಗೆ ಕೋರ್ಟಿಗೆ ಹೋದರು. ಯಾವ ಮುಖ ಹೊತ್ತು ಕಟಕಟೆಯಲ್ಲಿ ನಿಲ್ಲಲಿ ಎಂದು ಇವನು ಹೋಗಲೇ ಇಲ್ಲ. ಹಾಜರಿಲ್ಲದವನ ವಿರುದ್ಧ ತೀರ್ಪಾಯಿತು. ಮರುವರ್ಷ ಆ ತೀರ್ಪು ಉಳಿದ ಕಾಗದಗಳ ಜೊತೆ ಬೈಂಡಿಂಗಿಗೆಂದು ಅವನ ಮೇಜಿಗೇ ಬಂತು.

ಬಿಡಿ ಹಾಳೆಗಳನ್ನು ಅವನೆಂದೂ ನೇರವಾಗಿ ಹೊಲಿದವನಲ್ಲ. ಪ್ರತಿ ಹಾಳೆಯ ಅಂಚಿಗೂ ಎರಡು ಬೆರಳಗಲದ ಕಾಗದದ ಪಟ್ಟಿ ಅಂಟಿಸಿ, ಆ ಪಟ್ಟಿಗೆ ಸೂಜಿ ಹಾಕುತ್ತಿದ್ದ. ಕೆಲಸ ಕಲಿಸಿದ ಸೋದರತ್ತೆಯ ಕ್ರಮ ಅದು. ಮುಗಿದ ಪುಸ್ತಕವನ್ನು ಅವಳು ನಡುವೆ ತೆರೆದಿಟ್ಟು ಕೈ ತೆಗೆಯುತ್ತಿದ್ದಳು. ಅದು ಅಂಗಾತ ಮಲಗಬೇಕು. ಮುಚ್ಚಿಕೊಂಡರೆ, "ಏನೋ ಬಚ್ಚಿಟ್ಕೊಂಡಿದೆ ಕಣೋ ಇದು," ಎಂದು ದಾರ ಕತ್ತರಿಸಿ ಅವನ ಮಡಿಲಿಗೇ ಎಸೆಯುತ್ತಿದ್ದಳು. ಆ ಒಂದು ಹಾಳೆಗೆ ಮಾತ್ರ ಅವನು ಪಟ್ಟಿ ಹಚ್ಚಲಿಲ್ಲ. ಪುಟಸಂಖ್ಯೆ ಇದ್ದ ಹಾಳೆಯನ್ನು ಹರಿದುಹಾಕುವ ಎದೆಗಾರಿಕೆ ಇರಲಿಲ್ಲ. ಒಂದಿಷ್ಟು ಒಳಗೆ ಸರಿಸಿ, ಅಕ್ಷರಗಳ ಮೇಲೆಯೇ ಹೊಲಿದುಬಿಟ್ಟ. ಇಪ್ಪತ್ತು ವರ್ಷದಲ್ಲಿ ಅವನು ಬೇಕೆಂದೇ ಕೆಡಿಸಿದ ಕೆಲಸ ಅದೊಂದೇ.

ಈಗ ಅತ್ತೆ ತೀರಿಕೊಂಡು, ಅವಳ ಮನೆ ಅವನಿಗೂ ಅಕ್ಕನಿಗೂ ಅರ್ಧರ್ಧ ಬಂದಿತ್ತು. ಮಾರುವ ಮೊದಲು ವಕೀಲರು ಪತ್ರಿಕೆಯಲ್ಲಿ ಕೊಟ್ಟ ನೋಟಿಸಿನಲ್ಲಿ ವಾರಸುದಾರರ ಹೆಸರಿತ್ತು. ಟೀಚರ್ ಅದನ್ನು ಓದಿಯೇ ಬಂದಿರಬೇಕು.

ಸಂಜೆ ಅಕ್ಕ ಎಲ್ಲವನ್ನೂ ಕೇಳಿ ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ಹನ್ನೊಂದು ದಿನ ತಾನೇ? ಜ್ವರ ಅಂತ ಮಲಕ್ಕೋ. ಜ್ವರ ಬರೋಕೆ ಯಾರ ಅಪ್ಪಣೆ ಬೇಕು?"

"ಬಿಚ್ತೀನಿ ಅಂತ ಹೇಳಿ ಬಂದಿದ್ದೀನಿ ಅಕ್ಕ."

"ಹೇಳಿದ್ದನ್ನೆಲ್ಲ ಮಾಡೋ ಹರಿಶ್ಚಂದ್ರ ಆಗಿದ್ರೆ ಆವತ್ತೇ ಸಾಲ ತೀರಿಸ್ತಿದ್ದೆ. ತಿಂಗಳ ಕೊನೆಗೆ ಕೊಳ್ಳೋ ದುಡ್ಡು ಕೊಡದಿದ್ರೆ ಅಂಗಡೀನ ಬೇರೆಯವರಿಗೆ ಮಾರ್ತೀನಿ ಅಂತ ಓನರ್ ಹೇಳಿಲ್ವಾ? ಆ ಸಾಲಾನ ಬಡ್ಡಿ ಸೇರಿಸಿ ಕೊಟ್ರೆ ಮನೆ ಮಾರಿದ ದುಡ್ಡಲ್ಲಿ ನಿನಗೆ ಉಳಿಯೋದೇನು? ಬೇಕಂತಲೇ ಹಾಗೆ ಹೊಲಿದೆ ಅಂತ ಗೊತ್ತಾದ್ರೆ ಕೋರ್ಟಿನ ಕೆಲಸಾನೂ ಹೋಗತ್ತೆ. ಈ ವಯಸ್ಸಲ್ಲಿ ಬೀದಿಗೆ ಬೀಳ್ತೀಯೇನೋ?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನಿಗೆ ಭಯವಾಗಿತ್ತು. ಬಾಡಿಗೆ ಕಟ್ಟುತ್ತಲೇ ತಾನು ತಲೆ ನರೆಸಿಕೊಂಡ ಆ ಅಂಗಡಿ ತನ್ನದಾಗಬಹುದೆಂಬ ಆಸೆ ಅತ್ತೆಯ ಉಯಿಲು ಓದಿದ ದಿನದಿಂದ ಅವನನ್ನು ಬಿಟ್ಟಿರಲಿಲ್ಲ. ಆದರೂ ಬೆಳಿಗ್ಗೆ ಅತ್ತೆಯ ಹಳೆಯ ಚೀಲಕ್ಕೆ ಸೂಜಿ, ದಾರ, ಚಾಕು, ಗೋಂದಿನ ಡಬ್ಬಿ ತುಂಬಿಕೊಂಡು ಹೊರಟ. ಬಾಗಿಲಲ್ಲಿ ನಿಂತಿದ್ದ ಅಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ರೆಕಾರ್ಡ್ ರೂಮಿನ ಬೆಂಚಿನ ಮೇಲೆ ಟೀಚರ್ ಆಗಲೇ ಬಂದು ಕೂತಿದ್ದರು. ನಲವತ್ತರ ಆಸುಪಾಸು, ಕೈಬೆರಳಿಗೆ ಸೀಮೆಸುಣ್ಣದ ಪುಡಿ. ಅವನು ದಾರ ಕತ್ತರಿಸಿದ. ತಾನೇ ಬಿಗಿದಿದ್ದ ಗಂಟು ಸುಲಭಕ್ಕೆ ಬಿಡಲಿಲ್ಲ.

"ಅಪ್ಪ ಕೊನೇವರೆಗೂ 'ಪಾಪ, ಅವನಿಗೂ ಏನು ಕಷ್ಟವಿತ್ತೋ' ಅಂತಿದ್ರು," ಎಂದರು ಟೀಚರ್, ಕೈಕೆಲಸ ನೋಡುತ್ತಾ. "ನಂಗೆ ಪಾಪ ಅನ್ನಿಸಲ್ಲ. ಒಂದು ಸಲ ಮನೆಗೆ ಬಂದು 'ಕೊಡೋಕೆ ಆಗ್ತಿಲ್ಲ' ಅಂದಿದ್ರೆ ಸಾಕಿತ್ತು. ಅಪ್ಪ ಕೋರ್ಟಿಗೆ ಹೋಗ್ತಾನೇ ಇರಲಿಲ್ಲ."

ಅವನು ತಲೆಯೆತ್ತದೆ ಹಾಳೆಯನ್ನು ಬಿಡಿಸಿದ. ಹೊಲಿಗೆಯೊಳಗೆ ಸಿಕ್ಕಿಕೊಂಡಿದ್ದ ಅಂಚು ಇನ್ನೂ ಬೆಳ್ಳಗಿತ್ತು, ಮಸಿಯೂ ಮಾಸಿರಲಿಲ್ಲ. ಹೆಸರಿನ ಎರಡು ಅಕ್ಷರಗಳ ನಡುವೆ ಸೂಜಿ ತೂರಿದ ತೂತಿತ್ತು. ಪಟ್ಟಿ ಕತ್ತರಿಸಿ, ಗೋಂದು ಸವರಿ ಅಂಟಿಸಿದ. ಅದು ಒಣಗುವವರೆಗೆ ಕಾದ. ಆಮೇಲೆ ಹೊಸ ದಾರ ಪೋಣಿಸಿ, ಅವಸರ ಮಾಡದೆ ಹೊಲಿದು ಮುಗಿಸಿದ.

ಟೀಚರ್ ಹತ್ತಿರ ಬಂದು, ಬೆರಳಿಟ್ಟು ಹೆಸರನ್ನು ಗಟ್ಟಿಯಾಗಿ ಓದಿದರು. "ಈ ಮನುಷ್ಯ ಈಗ ಎಲ್ಲಿದ್ದಾನೋ."

"ಇಲ್ಲೇ ಇದ್ದೀನಿ ಅಮ್ಮ."

ಮೂಲೆಯಲ್ಲಿ ಗುಮಾಸ್ತನ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು. ಟೀಚರ್ ಅವನ ಮುಖವನ್ನು ತುಂಬ ಹೊತ್ತು ನೋಡಿದರು.

"ಮತ್ತೆ ನೀವೇ ಯಾಕೆ ಬಿಚ್ಚಿದ್ರಿ?"

"ಹಾಗೆ ಹೊಲಿದವನೂ ನಾನೇ. ಆವತ್ತು ಬಂದು ಹೇಳಬೇಕಿತ್ತು, ಹೇಳಲಿಲ್ಲ."

ಟೀಚರ್ ಪೆನ್ನಿನ ಮುಚ್ಚಳ ತೆಗೆದು ಮೊತ್ತ ಬರೆದುಕೊಳ್ಳತೊಡಗಿದರು. ಹಾಳೆ ಏಳದಂತೆ ಅವನು ಅಂಗೈ ಊರಿ ಹಿಡಿದಿದ್ದ. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯ ಪರೀಕ್ಷೆ ನೆನಪಾಗಿ, ಮೆಲ್ಲಗೆ ಕೈ ತೆಗೆದ. ಸಂಪುಟ ಅಂಗಾತ ಮಲಗಿಯೇ ಇತ್ತು.