ಅಡುಗೆಯವನು ಕೊನೆಗೆ ಏನು ಮಾಡಿದ?

"ನಿಧಾನ, ನಿಧಾನ. ತಲೆ ಕಡೆಯವ್ರು ಸ್ವಲ್ಪ ಎತ್ತಿ. ಬಾಗಿಲಿಗೆ ತಾಗುತ್ತೆ."

ಚರ್ಚಿನ ಮೆಟ್ಟಿಲ ಮೇಲೆ ಶವಪೆಟ್ಟಿಗೆ ಹೊತ್ತವರಿಗೆ ಪೈಪಣ್ಣ ದಾರಿ ಹೇಳುತ್ತಿದ್ದ. ತಾನೂ ಹಿಂದಿನಿಂದ ಹೆಗಲು ಕೊಟ್ಟಿದ್ದ. ಹೆಂಡತಿಯ ಪೆಟ್ಟಿಗೆ ನೀವು ಹೊರುವುದು ಬೇಡ, ಜೊತೆಗೆ ನಡೆದರೆ ಸಾಕು ಎಂದು ಎಲ್ಲರೂ ಹೇಳಿದ್ದರು. ಜೀವನವಿಡೀ ಕಬ್ಬಿಣದ ಪೈಪು ಹೊತ್ತ ಹೆಗಲು ಇದು, ಇವಳೊಂದು ಭಾರವೇ ಎಂದು ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ತನ್ನ ಮುಂದಿದ್ದ ಬೇಕರಿಯವನ ಕಡೆಗೆ ಬಾಗಿ ಪಿಸುಗುಟ್ಟಿದ.

"ಆ ಜೈಲಿನ ಅಡುಗೆಯವನ ಪುಸ್ತಕ ನೀವೇನಾದ್ರೂ ಓದಿದ್ದೀರಾ?"

"ಇದೇನು ಪೈಪಣ್ಣ, ಈಗ ಕೇಳೋ ಮಾತಾ?"

"ಓದಿದ್ದೀರೋ ಇಲ್ವೋ?"

"ಮೆಟ್ಲು ನೋಡ್ಕೊಳ್ಳಿ," ಎಂದ ಬೇಕರಿಯವನು.

ಪೆಟ್ಟಿಗೆಯನ್ನು ಮುಂದಿನ ಸಾಲಿನ ಎದುರು ಇಳಿಸಿ ಮುಚ್ಚಳ ತೆಗೆದರು. ಅಷ್ಟರಲ್ಲಿ ಸುದ್ದಿ ಬಂತು: ಸಮಾಧಿಯ ಗುಂಡಿಯಲ್ಲಿ ಬಂಡೆ ಸಿಕ್ಕಿದೆ, ಒಡೆಯಬೇಕು, ತಡವಾಗುತ್ತದೆ. ಪೈಪಣ್ಣನಿಗೆ ಅದು ದೇವರೇ ಕೊಟ್ಟ ವಾಯಿದೆಯಂತೆ ಕಂಡಿತು. ಬಂದವರೆಲ್ಲ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರೆ, ಅವನು ಆ ಕೈ ಬಿಡದೆ ಅದೊಂದೇ ಪ್ರಶ್ನೆ ಕೇಳುತ್ತಿದ್ದ. ಅಡುಗೆಯವನು ಕೊನೆಗೆ ಏನು ಮಾಡಿದ? ಪಾಪ, ದುಃಖಕ್ಕೆ ತಲೆ ನಿಲ್ಲುತ್ತಿಲ್ಲ ಎಂದುಕೊಂಡು ಜನ ಸರಿದುಹೋಗುತ್ತಿದ್ದರು.

"ಅದು ನನ್ನ ಕೈಗೆ ಬಂದಿಲ್ಲ ಅಣ್ಣ," ಎಂದಳು ಹೆಂಡತಿಯ ಗೆಳತಿ ನರ್ಸಮ್ಮ. "ಹೊಸ ಪುಸ್ತಕ. ಅಕ್ಕನೇ ಮೊದಲು ಓದ್ತಿದ್ರು."

*

ಗಂಟೆಗೋಪುರದ ಬುಡದಲ್ಲಿ ಪೊರಕೆ, ಬಕೆಟ್ಟು ಇಡುತ್ತಿದ್ದ ಕೋಣೆಯನ್ನು ಬೇಡಿ ಪಡೆದು ಪೈಪಣ್ಣನ ಹೆಂಡತಿ ಲೈಬ್ರರಿ ಮಾಡಿದ್ದಳು. ಬೈಬಲ್ ಒಂದಿದ್ದರೆ ಸಾಲದೇ ಎಂದು ಹಿರಿಯರು ಮೂಗು ಮುರಿದಿದ್ದರು. "ಬೈಬಲ್ ಓದಿದೋರು ಆಮೇಲೆ ಹೇಗೆ ಬದುಕಿದ್ರು ಅನ್ನೋದೂ ಗೊತ್ತಾಗ್ಬೇಕಲ್ಲ?" ಎಂದು ಅವಳು ಬಾಯಿ ಮುಚ್ಚಿಸಿದ್ದಳು.

ಜನರನ್ನು ಓದಿಗೆ ಹಚ್ಚಲು ಅವಳದ್ದೊಂದು ಉಪಾಯವಿತ್ತು. ಭಾನುವಾರ ಆರಾಧನೆ ಮುಗಿಸಿ ಹೊರಟವರನ್ನು ಮೆಟ್ಟಿಲ ಮೇಲೆ ಹಿಡಿದು ಒಂದು ಕತೆ ಶುರುಮಾಡುವಳು. ಮಗ ಹಡಗು ಹತ್ತಿ ಹೋದ, ಕಾಗದ ನಿಂತುಹೋಯಿತು, ತಾಯಿ ಬಂದರಿಗೆ ಹೊರಟಳು, ಅಲ್ಲೊಬ್ಬ ನಾವಿಕ ಅವಳ ಹೆಸರು ಹಿಡಿದು ಕರೆದ. ಕೇಳುವವರ ಬಾಯಿ ತೆರೆದುಕೊಂಡ ಹೊತ್ತಿಗೆ ಸರಿಯಾಗಿ ನಿಲ್ಲಿಸಿಬಿಡುವಳು. "ಮುಂದಿಂದು ಪುಸ್ತಕದಲ್ಲಿದೆ." ಅರ್ಧಕತೆಯಕ್ಕ ಎಂಬ ಹೆಸರು ಬಂದದ್ದು ಹಾಗೆ.

ಮದುವೆಯಾದ ಹೊಸತರಲ್ಲೇ ಪೈಪಣ್ಣ ಪಂಥ ಕಟ್ಟಿದ್ದ. ಅವನು ಓದುತ್ತಿದ್ದದ್ದು ಪೈಪಿನ ಅಳತೆ, ಅಂಗಡಿಯ ಬಿಲ್ಲು, ಅಷ್ಟೇ. "ಪುಸ್ತಕ ಮುಟ್ಟದೆ ಕೊನೆ ತಿಳ್ಕೊಂಡು ಬರ್ತೀನಿ, ನೋಡ್ತಿರು." ನಲ್ಲಿ ರಿಪೇರಿಗೆ ಹೋದ ಮನೆಯಲ್ಲೆಲ್ಲ ಸಿಂಕಿನ ಕೆಳಗೆ ಮಲಗಿಕೊಂಡೇ ವಿಚಾರಿಸುತ್ತಿದ್ದ. ಹಡಗಿನ ಹುಡುಗ ಏನಾದ? ವಾಪಸ್ ಬಂದ, ಮದುವೆನೂ ಆಯ್ತು ಎಂದಿದ್ದ ಬೇಕರಿಯವನು. ರಾತ್ರಿ ಊಟಕ್ಕೆ ಕೂತು ಪೈಪಣ್ಣ ಮೇಜು ಕುಟ್ಟಿ ಅದನ್ನೇ ಒಪ್ಪಿಸಿದ.

"ಹೌದಾ? ಯಾರು ಹೇಳಿದ್ರು?"

"ಬೇಕರಿಯವ್ರು. ಸೋತೆಯೋ ಇಲ್ವೋ?"

"ಸೋತೆ," ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಮುಖ ಸಣ್ಣದಾಗಿತ್ತು. ಅವಳ ಮುಖ ಸಣ್ಣದಾದಾಗಲೆಲ್ಲ ಅವನು ಗೆದ್ದೆನೆಂದು ಹಿಗ್ಗುತ್ತಿದ್ದ. ಈ ಆಟ ಮಗಳು ಹುಟ್ಟಿ, ಬೆಳೆದು, ಗಂಡನ ಮನೆಗೆ ಹೋದಮೇಲೂ ನಡೆದೇ ಇತ್ತು.

*

ಬೇಕರಿಯವನೇ ಅವನನ್ನು ಹೊರಗಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಮುಖಕ್ಕೆ ನೀರು ಹಾಕಿಸಿದ. ನರ್ಸಮ್ಮ ಟವೆಲು ಹಿಡಿದು ನಿಂತಿದ್ದಳು.

"ಪೈಪಣ್ಣ, ಅಕ್ಕ ಒಳಗೆ ಮಲಗಿರೋವಾಗ ಸುಳ್ಳು ಹೇಳೋಕೆ ಮನಸ್ಸು ಬರ್ತಿಲ್ಲ," ಎಂದ ಬೇಕರಿಯವನು. "ಆ ಜೈಲಿನ ಪುಸ್ತಕ ಅಷ್ಟೇ ಅಲ್ಲ, ನಾನು ಒಂದನ್ನೂ ಓದಿಲ್ಲ. ಅವ್ರು ಪ್ರೀತಿಯಿಂದ ಕೊಡೋರು, ಬೇಡ ಅನ್ನೋಕೆ ಆಗ್ತಿರ್ಲಿಲ್ಲ. ಎರಡು ವಾರ ಮೇಜಿನ ಮೇಲಿಟ್ಟು ವಾಪಸ್ ಕೊಡ್ತಿದ್ದೆ."

"ಮತ್ತೆ ಹಡಗಿನ ಹುಡುಗ ಬಂದ, ಮದುವೆ ಆಯ್ತು ಅಂದ್ರಿ?"

"ನೀವು ಸಿಂಕ್ ಕೆಳಗಿಂದ ಬಿಡದೆ ಕೇಳ್ತಿದ್ರಿ. ಏನೋ ಒಂದು ಹೇಳ್ಬೇಕಲ್ಲ. ಬೇರೆಯವ್ರೂ ಅಷ್ಟೇ ಅನ್ಸುತ್ತೆ."

"ಆ ಹುಡುಗ ಬರೋದೇ ಇಲ್ಲ ಅಣ್ಣ," ಎಂದಳು ನರ್ಸಮ್ಮ ಮೆಲ್ಲಗೆ. "ನಾನು ನೈಟ್ ಡ್ಯೂಟೀಲಿ ಓದಿದ್ದೆ. ತಾಯಿ ಬಂದರಿನಲ್ಲೇ ಉಳಿದು, ಬೇರೆಯವ್ರ ಮಕ್ಕಳಿಗೆ ಊಟ ಹಾಕ್ತಾಳೆ."

ಪೈಪಣ್ಣ ಟವೆಲು ಕೈಯಲ್ಲಿ ಹಿಡಿದುಕೊಂಡೇ ನಿಂತ. ಅವನು ತಂದ ಕೊನೆಗಳಲ್ಲಿ ಮಕ್ಕಳೆಲ್ಲ ವಾಪಸ್ ಬಂದಿದ್ದರು, ಕಾಯಿಲೆಯವರೆಲ್ಲ ಎದ್ದು ಕೂತಿದ್ದರು, ಮದುವೆಗಳೆಲ್ಲ ನಡೆದಿದ್ದವು. ಪುಸ್ತಕ ಓದಿದ್ದವಳು ಎದುರಿಗೆ ಕೂತು ಅದನ್ನೆಲ್ಲ ಕೇಳಿದ್ದಳು. ಗೆದ್ದೆ ಎಂದುಕೊಂಡು ಅವನು ರಾತ್ರಿ ರಾತ್ರಿ ಮನೆಗೆ ತಂದದ್ದು, ಇಂಥವರೂ ಓದಿಲ್ಲ, ಇಂಥವರೂ ಓದಿಲ್ಲ ಎಂಬ ಸುದ್ದಿಯನ್ನು. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ಭಾನುವಾರ ಮೆಟ್ಟಿಲ ಮೇಲೆ ನಿಂತು ಅದೇ ಬೇಕರಿಯವನಿಗೆ ಇನ್ನೊಂದು ಕತೆ ಶುರುಮಾಡುತ್ತಿದ್ದಳು.

*

ಹಾಸಿಗೆ ಹಿಡಿದಮೇಲೂ ಅವಳು ಓದುವುದನ್ನು ಬಿಟ್ಟಿರಲಿಲ್ಲ. ಜೈಲಿನ ಅಡುಗೆಯವನ ಕತೆ ಹೇಳಿದ್ದು ಆಗಲೇ. ಅವನ ತಮ್ಮನನ್ನು ಕೊಂದವನು ಅದೇ ಜೈಲಿಗೆ ಬರುತ್ತಾನೆ. ದಿನಾ ಅವನ ಅನ್ನವನ್ನು ಇವನೇ ಬೇಯಿಸಬೇಕು. ಕೊನೆಗೆ ಆ ಕೈದಿ ಕಾಯಿಲೆ ಬಿದ್ದು ಕೈ ಎತ್ತಲಾರದಂತಾಗುತ್ತಾನೆ. ನೀನೇ ಹೋಗಿ ಉಣಿಸು ಎಂದು ಅಪ್ಪಣೆಯಾಗುತ್ತದೆ. ಅಡುಗೆಯವನು ಬಟ್ಟಲು ಹಿಡಿದು ಕೋಣೆಯ ಬಾಗಿಲಿಗೆ ಬಂದು ನಿಂತ.

"ಆಮೇಲೆ?" ಎಂದಿದ್ದ ಪೈಪಣ್ಣ.

"ಕಣ್ಣು ಮಂಜು ಮಂಜು ರೀ. ಅಕ್ಷರ ಕೂಡ್ತಾ ಇಲ್ಲ. ಮುಂದಿಂದು ನೀವು ಓದಿ ಹೇಳ್ತೀರಾ?"

ಅವನು ಗಹಗಹಿಸಿ ನಕ್ಕಿದ್ದ. "ಇಷ್ಟು ವರ್ಷ ಬೀಳದವ್ನು ಈಗ ಬೀಳ್ತೀನಾ? ಎದ್ದು ಕೂತು ನೀನೇ ಹೇಳು."

"ನಿಜವಾಗ್ಲೂ ಕಣ್ರೀ," ಎಂದಿದ್ದಳು ಅವಳು. ಅವನು ದಿಂಬು ಸರಿಮಾಡಿ, ದೀಪ ಆರಿಸಿದ್ದ.

*

"ಆ ಪುಸ್ತಕ ಎಲ್ಲಿ?" ಎಂದು ಅವನು ಮಗಳನ್ನು ಕೇಳಿದ.

"ಬೆಳಿಗ್ಗೆನೇ ಲೈಬ್ರರಿಲಿ ಇಟ್ಟುಬಿಟ್ಟೆ ಅಪ್ಪ. ಚರ್ಚಿಂದು ನಮ್ಮನೇಲಿ ಉಳೀಬಾರ್ದು ಅಂತ ಅಮ್ಮ ಹೇಳ್ತಿದ್ರಲ್ಲ."

ಅವನು ಹೋಗಿ ನೋಡಿದರೆ ಪುಸ್ತಕ ಲೈಬ್ರರಿಯ ಮೇಜಿನ ಮೇಲೇ ಇತ್ತು. ಒಳಗೆ ಗುರುತಿಗೆ ಅವಳ ಹೇರ್‌ಪಿನ್ನು. ಅಡುಗೆಯವನು ಬಾಗಿಲಲ್ಲಿ ನಿಂತಿದ್ದ ಪುಟ ಅದು. ಅಲ್ಲಿಂದಾಚೆಗಿನ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಇದ್ದವು. ಪ್ರೆಸ್ಸಿನವರು ಕತ್ತರಿಸುವುದನ್ನು ಮರೆತಿದ್ದರು. ಬಿಡಿಸದೆ ಯಾರೂ ಓದುವಂತಿರಲಿಲ್ಲ. ಅವಳು ಈ ಸಲ ಆಟಕ್ಕೆ ನಿಲ್ಲಿಸಿರಲಿಲ್ಲ. ಕೊನೆ ಅವಳಿಗೂ ಗೊತ್ತಿರಲಿಲ್ಲ. ಪೈಪಣ್ಣ ಅಲ್ಲೇ ಕುಕ್ಕರಿಸಿ ಮಗುವಿನಂತೆ ಅತ್ತ.

ಆಮೇಲೆ ಮನೆಯ ಬೀಗದ ಕೈಯಿಂದ ಒಂದೊಂದೇ ಹಾಳೆ ಸೀಳಿ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದ. ಒತ್ತಕ್ಷರಗಳು ಬೆರಳಿಗೆ ಅಡ್ಡ ಸಿಕ್ಕವು. ಓದಿದ್ದನ್ನೇ ಮತ್ತೆ ಓದಿದ. ತಲೆಯ ಮೇಲೆ ಗಂಟೆ ಬಾರಿಸಿತು. ಪಾಸ್ಟರು ಬಾಗಿಲಿಗೆ ಬಂದರು.

"ಬಂಡೆ ಒಡೆದಾಯ್ತು. ಎಲ್ಲ ಕಾಯ್ತಿದ್ದಾರೆ, ಹೊರಡೋಣ್ವಾ?"

"ಇನ್ನೂ ಸ್ವಲ್ಪ ಇದೆ ಪಾಸ್ಟ್ರೇ."

"ಓದೋದಕ್ಕೆ ಆಮೇಲೆ ಟೈಮ್ ಇದ್ದೇ ಇರುತ್ತಲ್ಲಪ್ಪ."

"ನಂಗಿದೆ. ಅವ್ಳಿಗಿಲ್ವಲ್ಲ," ಎಂದ ಪೈಪಣ್ಣ, ಬೆರಳು ಎತ್ತದೆ.

ಪಾಸ್ಟರು ಅವನ ಮುಖವನ್ನೂ ಪುಸ್ತಕವನ್ನೂ ನೋಡಿದರು. ಒಳಗೆ ಹೋಗಿ, ಹಾಡಿದ ಹಾಡನ್ನೇ ಇನ್ನೊಮ್ಮೆ ಹಾಡಿಸಿದರು. ಅದೂ ಮುಗಿದಾಗ ಮತ್ತೊಮ್ಮೆ.

ಪೈಪಣ್ಣ ಬಂದಾಗ ಚರ್ಚು ಸ್ತಬ್ಧವಾಗಿತ್ತು. ಬಡಗಿ ಮುಚ್ಚಳವನ್ನು ಎದೆಗೆ ಆನಿಸಿಕೊಂಡು, ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿ ನಿಂತಿದ್ದ. ಪೈಪಣ್ಣ ಪೆಟ್ಟಿಗೆಯ ಅಂಚು ಹಿಡಿದು ಮಂಡಿಯೂರಿ, ಅವಳ ಕಿವಿಯ ಹತ್ತಿರ ಬಾಗಿದ.

"ಅವನು ಒಳಗೆ ಹೋಗ್ಲಿಲ್ಲ ಕಣೇ," ಎಂದ. "ಬಟ್ಟಲು ಹಿಡ್ಕೊಂಡು ವಾಪಸ್ ತಿರುಗಿಬಿಟ್ಟ. ನಂಗೂ ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ಒಲೆ ಮುಂದೆ ನಿಂತ. ಎಷ್ಟೋ ಹೊತ್ತು ನಿಂತ. ಬಾಗಿಲಲ್ಲಿ ನಿಂತು ನಿಂತು ಅನ್ನ ಆರಿಹೋಗಿತ್ತಂತೆ. ಬಿಸಿ ಮಾಡ್ಕೊಂಡು ಬರೋಣ ಅಂತ ಹೋಗಿದ್ದ..."

ಅವನ ದನಿ ತೀರ ಇಳಿದುಹೋಯಿತು. ಬಡಗಿ ತುಟಿಯಿಂದ ಸ್ಕ್ರೂಗಳನ್ನು ತೆಗೆದು ಜೇಬಿಗೆ ಹಾಕಿದ. ಮುಚ್ಚಳವನ್ನು ಸದ್ದಾಗದಂತೆ ಗೋಡೆಗೆ ಒರಗಿಸಿ, ಕೇಳಿಸಿಕೊಳ್ಳಲು ಒಂದು ಹೆಜ್ಜೆ ಹತ್ತಿರ ಬಂದ.