ಈ ಸಲ ಇಳಿಸಿಬಿಡು

ನನ್ನ ಗಂಡ ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರು. ಅವರ ಶಿಷ್ಯರು ಮುರಿದು ತಂದದ್ದನ್ನು ಸರಿಮಾಡುವ ಮೆಕ್ಯಾನಿಕ್ ನಾನು. ಮದುವೆಯಾದಾಗಿನಿಂದ ಹೀಗೆ ಒಬ್ಬರಿಗೊಬ್ಬರು ಕೆಲಸ ಕೊಟ್ಟುಕೊಂಡು ಬದುಕಿದ್ದೇವೆ.

ಹೊಸಬರಿಗೆಲ್ಲ ಅವರು ಹೇಳುವ ಮೊದಲ ಪಾಠ ನನಗೂ ಬಾಯಿಪಾಠ. "ಇಳಿಯೋವಾಗ ಗಾಳಿ ಕೈಕೊಟ್ರೆ ಹಟ ಮಾಡ್ಬೇಡಿ. ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು ಮತ್ತೆ ಮೇಲೇರಿ. ಹತ್ತು ಸಲ ಬೇಕಾದ್ರೂ ಸುತ್ತಿ ಬನ್ನಿ. ಹಾರಿಸೋ ಸೀಟಲ್ಲಿ ಕೂತವರದೇ ಕೊನೇ ಮಾತು." ಒಳ್ಳೆಯ ಪಾಠವೇ. ಆದರೆ ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಅದು ಸ್ವಂತ ಮಗಳ ಸರದಿ ಬಂದಾಗ ಗೊತ್ತಾಯಿತು.

ಆವತ್ತು ಅವಳು ಮೊದಲ ಬಾರಿಗೆ ಒಬ್ಬಳೇ ಹಾರಿದ್ದಳು. ನಾವು ರೇಡಿಯೊ ಕೋಣೆಯಿಂದ ನೋಡುತ್ತಿದ್ದೆವು. ಏರುವಾಗ, ಗಾಳಿ ಬೀಸುವ ದಿಕ್ಕು ತೋರಿಸುವ ಗಾಳಿಚೀಲ ಕಂಬಕ್ಕೆ ಜೋತುಬಿದ್ದಿತ್ತು. ಅವಳು ಒಂದು ಸುತ್ತು ಮುಗಿಸಿ ಇಳಿಯಲು ಬರುವಷ್ಟರಲ್ಲಿ ಅದು ಎದ್ದು ಅಡ್ಡಡ್ಡ ಬಡಿದುಕೊಳ್ಳತೊಡಗಿತು. ಒಂದೇ ಸಮನೆ ಬೀಸುವ ಗಾಳಿಯಾದರೆ ಹೇಗೋ ಸಂಭಾಳಿಸಬಹುದು. ಇದು ಸುಮ್ಮನಿದ್ದಂತೆ ಇದ್ದು ಪಕ್ಕದಿಂದ ನುಗ್ಗುವ ಗಾಳಿ. ಸಣ್ಣ ವಿಮಾನಕ್ಕೆ ಇದರಷ್ಟು ಕೆಟ್ಟದ್ದು ಬೇರೆ ಇಲ್ಲ.

ಮೊದಲ ಸಲ ಚಕ್ರ ನೆಲ ಮುಟ್ಟುವ ಮುಂಚೆಯೇ ಅವಳು ಮೇಲೇರಿದಳು. "ಶಹಭಾಸ್" ಅಂದರು ಮೇಷ್ಟ್ರು. ಎರಡನೇ ಸಲವೂ ಏರಿದಳು. ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. ಮೂರನೇ ಸಲವೂ ಏರಿದಾಗ, ರೇಡಿಯೊ ಕೋಣೆಯ ಕಿಟಕಿಗೆ ಮುಖ ಒತ್ತಿ ನಿಂತಿದ್ದ ಶಿಷ್ಯರಲ್ಲೊಬ್ಬ, "ಮೇಷ್ಟ್ರ ಮಗಳಿಗೆ ನೆಲದ ಮೇಲೆ ಮುನಿಸು" ಅಂದ. ಉಳಿದವರು ನಕ್ಕರು. ಗಂಡನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು.

ಅವರು ಮೈಕ್ ಎತ್ತಿಕೊಂಡರು.

"ರೀ, ಸುಮ್ನಿರಿ. ಅವಳು ಸರಿಯಾಗೇ ಮಾಡ್ತಿದ್ದಾಳೆ. ಪೆಟ್ರೋಲ್ ಬೇಕಾದಷ್ಟಿದೆ, ನಾನೇ ತುಂಬ್ಸಿದ್ದು" ಅಂದೆ.

"ನೀನು ನಿನ್ನ ನಟ್ಟು ಬೋಲ್ಟು ನೋಡ್ಕೋ" ಅಂದು ಗುಂಡಿ ಒತ್ತಿದರು. "ಏನೂ ಆಗಲ್ಲಮ್ಮ. ಈ ಸಲ ಇಳಿಸಿಬಿಡು."

ಅವಳ ಉತ್ತರ ಬಂತು. "ಸರಿ ಅಪ್ಪ."

ರೇಡಿಯೊದಲ್ಲಿ ಅವರನ್ನು ಸರ್ ಅನ್ನಬೇಕೆಂದು ಅವರೇ ಕಟ್ಟಪ್ಪಣೆ ಮಾಡಿದ್ದರು. ಅವಳು ಅಪ್ಪ ಅಂದಾಗಲೇ ನಾನು ಸ್ಪ್ಯಾನರು ಹಿಡಿದು ಬಾಗಿಲಿಗೆ ಬಂದು ನಿಂತೆ.

ಚಕ್ರಗಳು ನೆಲ ಮುಟ್ಟಿದವು. ಅಷ್ಟರಲ್ಲೇ ಗಾಳಿ ನುಗ್ಗಿ ಬಲರೆಕ್ಕೆಯನ್ನು ಎತ್ತಿತು. ವಿಮಾನ ಎಡಕ್ಕೆ ವಾಲಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ, ಗಿರ್ರನೆ ತಿರುಗಿ ಹುಲ್ಲಿಗೆ ನುಗ್ಗಿತು. ಚಕ್ರದ ಕಾಲು ಮುರಿದು ಮೂತಿ ಮಣ್ಣಿಗೆ ಕುಕ್ಕಿತು. ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಸಿಕ್ಕಿಕೊಂಡಿದ್ದ ಬಾಗಿಲನ್ನು ಸ್ಪ್ಯಾನರಿನಿಂದ ಮೀಟಿ ಅವಳನ್ನು ಹೊರಗೆಳೆದೆ. ತೋಳು ಮುರಿದಿತ್ತು, ಪುಣ್ಯಕ್ಕೆ ಜೀವ ಉಳಿದಿತ್ತು.

ಆಸ್ಪತ್ರೆಯಲ್ಲಿ ಮೇಷ್ಟ್ರು ಮಂಚದ ಕಾಲಬದಿಗೆ ನಿಂತಿದ್ದರು. ದಾರಿಯುದ್ದಕ್ಕೂ ಅವರನ್ನು ಬೈದಿದ್ದೆ, ಇನ್ನೂ ಬಾಕಿಯಿತ್ತು.

"ತಪ್ಪು ನಂದಮ್ಮ. ವಿಚಾರಣೆಗೆ ಬರೋರಿಗೂ ಹಾಗೇ ಹೇಳ್ತೀನಿ" ಅಂದರು ಮಗಳಿಗೆ.

"ಹೇಳಿ. ಮತ್ತೆ ಮೇಲೇರೋಣ ಅಂತ ಎಂಜಿನ್ ಹಿಡಿಕೆಗೆ ಕೈ ಹೋಗಿತ್ತು ಅಪ್ಪ. ನಿಮ್ಮ ಮಾತು ನೆನಪಾಗಿ ವಾಪಸ್ ತಗೊಂಡೆ."

ಅವರು ಕುರ್ಚಿ ಎಳೆದುಕೊಂಡು ಕೂತರು. "ತೋಳು ಕೂಡ್ಲಿ, ಮೊದಲಿಂದ ಶುರು ಮಾಡೋಣ. ಈ ಸಲ ನಾನು ಬಾಯೇ ಬಿಡಲ್ಲ."

"ಹಾರೋದಂತೂ ಹಾರ್ತೀನಿ. ಆದ್ರೆ ನಿಮ್ಮ ಹತ್ರ ಕಲಿಯಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. "ಬೇರೆ ಯಾರಾದ್ರೂ ಇಳಿಸು ಅಂದಿದ್ರೆ ಆಗಲ್ಲ ಅಂತಿದ್ದೆ. ನಿಮಗೆ ಹಾಗನ್ನೋಕೆ ನನಗೆ ಬರಲ್ಲ."

ಅವರು ನನ್ನ ಕಡೆ ನೋಡಿದರು, ನಾನಾದರೂ ಒಂದು ಮಾತು ಹೇಳಲಿ ಎಂಬಂತೆ. ಆ ಮುಖ ನೋಡಿದ ಮೇಲೆ ಬೈಗುಳವೆಲ್ಲ ಅಲ್ಲಿಗೇ ಮುಗಿಯಿತು.

"ಅವಳು ಹೇಳಿದ್ದು ಸರಿ ರೀ" ಅಂದೆ.

ಅವರು ಅವಳ ಹೊದಿಕೆ ಸರಿಮಾಡಿದರು. ಆಮೇಲೆ, "ಹಾಗಾದ್ರೆ ನಿಂಗೆ ಕಲಿಸೋಕೆ ಯಾರನ್ನ ಕೇಳ್ಲಿ?" ಅಂದರು.

"ನೀವು ಕೇಳ್ಬೇಡಿ ಅಪ್ಪ" ಅಂದಳು. "ನಾನೇ ಕೇಳ್ಕೋತೀನಿ."