ಒಳಗಿನ ಚಿಲಕ

ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಮೋಡ ಕವಿಯಿತು. ಶಾಲೆಯ ಎದುರಿನ ಮನೆಯ ಜಗಲಿಯಲ್ಲಿ ಬಲ್ಬು ತಾನಾಗಿಯೇ ಹೊತ್ತಿಕೊಂಡಿತು. ಐದನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದ ಸುನಂದ ಕಿಟಕಿಯಿಂದ ಅದನ್ನು ಕಂಡು ಮಾತು ನಿಲ್ಲಿಸಿದಳು. ಮಕ್ಕಳೂ ಅತ್ತ ತಿರುಗಿದರು. ಅದು ಮಿಸ್ಸಿನ ಮನೆ. ಮಿಸ್ ಇಲ್ಲಿ ನಿಂತಿದ್ದಾರೆ, ಅಲ್ಲಿ ಯಾರೂ ಇಲ್ಲ, ದೀಪ ಉರಿಯುತ್ತಿದೆ. ಕಡೆಯ ಸಾಲಿನ ಚಂದನ ಮಾತ್ರ ದೀಪದ ಕಡೆ ನೋಡದೆ ಮಿಸ್ಸಿನ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಬೈಕೊಂದು ಬಂದು ಆ ಜಗಲಿಯ ಮುಂದೆ ನಿಂತಿತು. ವರ್ಷಕ್ಕೊಮ್ಮೆ ಪರಿಶೀಲನೆಗೆ ಬರುವ ಅಧಿಕಾರಿ ಕೋದಂಡರಾಮಪ್ಪ ಇಳಿದು, ಹೆಲ್ಮೆಟ್ ತೆಗೆದು, ಉರಿಯುವ ಬಲ್ಬನ್ನು ಕತ್ತೆತ್ತಿ ನೋಡಿದರು.

ನಂಗಲಿಯ ಹೆದ್ದಾರಿಯಿಂದ ಒಳಕ್ಕೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಊರು ಅದು. ಅಲ್ಲಿಗೆ ವರ್ಗವಾಗಿ ಬಂದ ಮೇಷ್ಟ್ರುಗಳಿಗೆಲ್ಲ ಬಂದ ವಾರದೊಳಗೆ ಬೆನ್ನುನೋವೋ ರಕ್ತದೊತ್ತಡವೋ ಶುರುವಾಗಿ, ಹೆಂಡತಿಗೂ ಹುಷಾರಿಲ್ಲದಂತಾಗಿ, ಆಮೇಲೆ ಅವರು ಮುಳಬಾಗಿಲಿನ ಕಡೆಗೋ ಕೋಲಾರಕ್ಕೋ ಹೊರಟುಹೋಗುತ್ತಿದ್ದರು. ಮಕ್ಕಳು ಮನೆಯಲ್ಲಿ ತೆಲುಗು ಆಡಿಕೊಂಡು, ಶಾಲೆಯಲ್ಲಿ ಬಿಸಿಯೂಟ ಉಂಡುಕೊಂಡು ದೊಡ್ಡವರಾಗುತ್ತಿದ್ದರು. ಕೊನೆಗೆ ಸರ್ಕಾರವೇ ಒಂದು ಉಪಾಯ ಹುಡುಕಿತು. ಇಂಥ ಊರಿನಲ್ಲೇ ಮನೆ ಮಾಡಿಕೊಂಡಿದ್ದು ಪಾಠ ಮಾಡುವವರಿಗೆ ಸಂಬಳದ ಮೇಲೆ ಅರ್ಧ ಸಂಬಳ ಹೆಚ್ಚು. ಊರಿನಲ್ಲಿ ವಾಸ ಇರಲೇಬೇಕು, ಅದೊಂದೇ ಷರತ್ತು.

ಸುನಂದ ಬಂದಿದ್ದು ಆ ದುಡ್ಡಿಗಾಗಿಯೇ, ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಆದರೆ ಮೊದಲ ವರ್ಷ ಅವಳು ಪೂರ್ತಿ ಅಲ್ಲೇ ಇದ್ದಳು. ಸಂಜೆಯಾದರೆ ಜಗಲಿಯ ಮೇಲೆ ಚಾಪೆ ಹಾಸಿ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದಳು. "ಈ ಲೈಟ್ ಉರೀತಿದ್ರೆ ನಾನು ಮನೇಲಿದ್ದೀನಿ ಅಂತ. ಯಾವ ಹೊತ್ತಲ್ಲಾದ್ರೂ ಬಂದು ಬಾಗಿಲು ತಟ್ಟಿ," ಎಂದು ಅವಳೇ ಹೇಳಿದ್ದಳು. ಹೆಚ್ಚು ತಟ್ಟಿದವಳು ಚಂದನಳ ಅಕ್ಕ ಪವಿತ್ರ. ಲೆಕ್ಕವನ್ನು ಬಾಯಲ್ಲೇ ಮಾಡಿ, ಉತ್ತರ ಹೇಳುವ ಮೊದಲು ಮೂಗು ಉಜ್ಜಿಕೊಳ್ಳುವ ಹುಡುಗಿ. ಮೆಲ್ಲಗೆ ತಟ್ಟಿ, ಕಾದು, ಮತ್ತೆ ಮೆಲ್ಲಗೆ ತಟ್ಟುವುದು ಅವಳ ಕ್ರಮ. ಗಟ್ಟಿಯಾಗಿ ತಟ್ಟಿದರೆ ಮಿಸ್ಸಿಗೆ ತೊಂದರೆಯಾದೀತು ಎಂಬ ಸಂಕೋಚ ಅವಳಿಗೆ.

ಎರಡನೇ ವರ್ಷ ಕೋಲಾರದಲ್ಲಿ ಮಗ ಹತ್ತನೇ ಕ್ಲಾಸಿಗೆ ಬಂದ, ಅತ್ತೆ ಹಾಸಿಗೆ ಹಿಡಿದರು. ಸುನಂದ ವಾರಕ್ಕೊಂದು ಸಂಜೆ ಮನೆಗೆ ಹೋಗಿಬರತೊಡಗಿದಳು. ಅದು ಎರಡಾಯಿತು, ಮೂರಾಯಿತು. ಆಗ ಅವಳ ಗಂಡ ಅಮರನಾಥ್ ಆ ಬಲ್ಬು ತಂದುಕೊಟ್ಟ. ಕತ್ತಲಾದರೆ ತಾನೇ ಹೊತ್ತಿಕೊಂಡು ಬೆಳಗಾದರೆ ಆರಿಹೋಗುವಂಥದು. "ನೀನಿದ್ರೂ ಇಲ್ಲದಿದ್ರೂ ಒಂದೇ ಥರ ಕಾಣುತ್ತೆ ನೋಡು," ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಪೇಪರ್ ತಿದ್ದುವುದಿದೆ ಎಂದು ಜಗಲಿಯ ಪಾಠ ನಿಲ್ಲಿಸಿದಳು. ಹೊರಡುವ ದಿನ ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಹಿತ್ತಿಲ ಬಾಗಿಲಿಗೆ ಬೀಗ ಜಡಿದು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದು ಹೆದ್ದಾರಿಗೆ ಬಂದು ಬಸ್ಸು ಹಿಡಿಯುತ್ತಿದ್ದಳು. ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸ್ಸು. ಶಾಲೆಗೆ ಒಂದು ದಿನವೂ ತಡವಾಗಲಿಲ್ಲ, ಪಾಠದಲ್ಲಿ ಮೋಸ ಮಾಡಲಿಲ್ಲ. ಹಾಗಂತ ಅವಳು ತನಗೆ ತಾನೇ ಆಗಾಗ ಹೇಳಿಕೊಳ್ಳುತ್ತಿದ್ದಳು.

ಹದಿನೈದು ದಿನದ ಕೆಳಗೆ, ಬೆಳಗಿನ ಪ್ರಾರ್ಥನೆಯಲ್ಲಿ ಎಂಟನೇ ಕ್ಲಾಸಿನ ಸಾಲಿನಲ್ಲಿ ಪವಿತ್ರ ಕಾಣಲಿಲ್ಲ. ಸುನಂದ ಅಡುಗೆ ಕೋಣೆಗೆ ಹೋದಳು. ಪವಿತ್ರಳ ಅಜ್ಜಿ ಮುನಿಯಲ್ಲಮ್ಮನೇ ಶಾಲೆಯ ಬಿಸಿಯೂಟ ಮಾಡುವವಳು. ತಾಯಿಯಿಲ್ಲದ ಎರಡು ಹೆಣ್ಣುಮಕ್ಕಳನ್ನು ಸಾಕಿದವಳೂ ಅವಳೇ. ಅವಳು ತಲೆ ಎತ್ತದೆ ಅಕ್ಕಿ ತೊಳೆಯುತ್ತಿದ್ದಳು.

"ಪವಿತ್ರ ಎಲ್ಲಮ್ಮಾ? ಇವತ್ತು ಟೆಸ್ಟ್ ಇದೆ ಅಂತ ಹೇಳಿದ್ನಲ್ಲ."

"ಆಕಡೆಗೆ ಕರ್ಕೊಂಡು ಹೋದ ಅವರಪ್ಪ. ಗಡಿ ದಾಟಿ. ಮಾವನಿಗೆ ಕೊಟ್ಟು ಮದ್ವೆ ಮಾಡ್ತಾವ್ನೆ."

ಹುಡುಗಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ.

"ನಿನ್ನೆ ಸಾಯಂಕಾಲ ಗೊತ್ತಾಯ್ತು ನಮ್ಗೆ. ನನ್ನ ಮಾತು ಎಲ್ಲಿ ಕೇಳ್ತಾನೆ ಅವನು? ನಾನೇ ಕಳಿಸ್ದೆ, ಓಡು ಪಾಪಾ, ಮಿಸ್ಸಮ್ಮ ಬಂದು ಹೇಳಿದ್ರೆ ನಿಮ್ಮಪ್ಪ ಹೆದರ್ತಾನೆ ಅಂತ. ಲೈಟ್ ಉರೀತಿತ್ತು. ತುಂಬಾ ಹೊತ್ತು ತಟ್ಟಿ ತಟ್ಟಿ ಬಂದ್ಲು." ಮುನಿಯಲ್ಲಮ್ಮ ಅಕ್ಕಿಯ ನೀರು ಬಸಿದಳು. "ಬಂದು ಏನಂದ್ಲು ಗೊತ್ತಾ? ಅವ್ವಾ, ಮಿಸ್ ಒಳಗವ್ರೆ, ಒಳಗಿಂದ ಚಿಲಕ ಹಾಕ್ಕೊಂಡವ್ರೆ. ನಾನೇ ಅಂತ ಗೊತ್ತಾಗಿ ತೆಗೀಲಿಲ್ಲ ಅಂದ್ಲು. ಅಷ್ಟೇ. ಆಮೇಲೆ ಅಳಲೂ ಇಲ್ಲ."

"ನಾನು ಒಳಗಿರಲಿಲ್ಲಮ್ಮ..."

"ಗೊತ್ತಾಯ್ತು ಬಿಡಿ. ಅವರು ಹೊರಟುಹೋದ ಮೇಲೆ ನಿಮ್ಮನೆ ಹಿಂದಕ್ಕೆ ಹೋಗಿ ನೋಡ್ದೆ. ಬೀಗ ಇತ್ತು. ಚಂದನಾನೂ ನನ್ನ ಜತೆಗಿದ್ಲು."

ಅವತ್ತೇ ಸುನಂದ ಶಾಲೆಯ ಹಿಂದೆ ನಿಂತು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡಳು. ಹೆಸರು ಬರೆದುಕೊಳ್ಳುವ ಮೊದಲು, "ಹುಡುಗಿ ಯಾರ ಹತ್ರಾನೂ ಸಹಾಯ ಕೇಳಲಿಲ್ವಾ ಮೇಡಂ? ನೀವು ಅದೇ ಊರಲ್ಲಿ ಇರೋದಲ್ವಾ?" ಎಂದಳು. ಸಹಜವಾದ ಪ್ರಶ್ನೆ. ಸುನಂದ ಫೋನ್ ಕತ್ತರಿಸಿದಳು. ನಾಳೆ ಮಾಡಿದರಾಯಿತು ಎಂದುಕೊಂಡಳು, ಮರುದಿನವೂ ಹಾಗೇ ಎಂದುಕೊಂಡಳು.

ಅವತ್ತಿನಿಂದ ಅವಳಿಗೆ ಬಾಗಿಲು ತಟ್ಟಿದ ಸದ್ದು ಕೇಳತೊಡಗಿತು. ಕೋಲಾರದ ಮನೆಯಲ್ಲಿ ಅತ್ತೆಗೆ ಗಂಜಿ ಕುಡಿಸುತ್ತಿರುವಾಗ ಮೆಲ್ಲಗೆ ತಟ್ಟಿದಂತಾಗುವುದು, ಆಮೇಲೆ ನಿಶ್ಶಬ್ದ, ಮತ್ತೆ ಮೆಲ್ಲಗೆ. ಎದ್ದು ಹೋಗಿ ತೆಗೆದರೆ ಮೆಟ್ಟಿಲ ಮೇಲೆ ಚಪ್ಪಲಿಗಳು ಮಾತ್ರ. "ಏನಾಗಿದೆ ನಿನಗೆ?" ಎಂದು ಅಮರನಾಥ್ ಕೇಳಿದ. ಗಾಳಿ ಇರಬೇಕು ಎಂದು ಬಾಗಿಲು ಹಾಕಿಕೊಂಡು ಬಂದಳು. ಸದ್ದಿಗಿಂತ ಆ ನಡುವಿನ ಕಾಯುವಿಕೆಯೇ ಅವಳನ್ನು ಹೆಚ್ಚು ಹಿಂಸೆ ಮಾಡುತ್ತಿತ್ತು.

ಈಗ ಕೋದಂಡರಾಮಪ್ಪ ಶಾಲೆಯ ಅಂಗಳ ದಾಟಿ ನೇರವಾಗಿ ಅಡುಗೆ ಕೋಣೆಗೇ ಬಂದರು. ಕೆಟ್ಟ ಮನುಷ್ಯರಲ್ಲ. ಊರಿನವರ ಬಾಯಿಂದ ಕೇಳಿ ಬರೆದುಕೊಂಡು ಹೋಗುವುದು ಅವರ ಕೆಲಸ. ಸುನಂದಳೂ ಬಂದು ಬಾಗಿಲಲ್ಲಿ ನಿಂತಳು.

"ಮೇಡಂ ಇದೇ ಊರಲ್ಲಿ ಇರ್ತಾರೇನಮ್ಮ? ಇದ್ದದ್ದು ಇದ್ದ ಹಾಗೆ ಹೇಳು. ಸರ್ಕಾರ ಸುಮ್ಸುಮ್ನೆ ದುಡ್ಡು ಕೊಡ್ತಾ ಇಲ್ಲ."

ಮುನಿಯಲ್ಲಮ್ಮ ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ಸುನಂದಳನ್ನು ನೋಡಿದಳು. ಬೈಯಲಿ, ಹೇಳಿಬಿಡಲಿ, ಮುಗಿದುಹೋಗಲಿ ಎಂದು ಸುನಂದಳ ಮನಸ್ಸು ಬೇಡಿಕೊಂಡಿತು.

"ಇರ್ತಾರೆ ಸಾಮಿ. ದಿನಾ ಲೈಟ್ ಉರೀತೈತೆ. ನೋಡಿ, ಹಗಲೊತ್ತಲ್ಲೂ ಉರೀತೈತೆ."

ಕೋದಂಡರಾಮಪ್ಪ ನಕ್ಕು, ಕರೆಂಟು ದಂಡ ಮಾಡಬೇಡಿ ಮೇಡಂ ಎಂದು ಹೇಳಿ, ಬರೆದುಕೊಂಡು ಬೈಕು ಹತ್ತಿದರು. ಬೈಕಿನ ಸದ್ದು ದೂರವಾಯಿತು.

"ಯಾಕಮ್ಮ ಹಾಗೆ ಹೇಳಿದ್ರಿ?"

"ನೀವು ಹೋದ್ರೆ ಇನ್ಯಾರು ಬರ್ತಾರೆ ಇಲ್ಲಿಗೆ? ಇಸ್ಕೂಲು ಬಾಗ್ಲು ಮುಚ್ಚಿದ್ರೆ ಅವರಪ್ಪನಿಗೆ ಅದೊಂದು ನೆಪ ಸಾಕು. ಚಂದನ ಇನ್ನೂ ಐದನೇ ಕ್ಲಾಸು." ಮುನಿಯಲ್ಲಮ್ಮ ಮತ್ತೆ ಪಾತ್ರೆಗೆ ಕೈ ಹಾಕಿದಳು. "ಮನಸ್ಸು ಕರಗಿ ಹೇಳಿದೆ ಅಂದ್ಕೋಬೇಡಿ. ಕರಗಿಲ್ಲ."

"ಪವಿತ್ರಂಗೆ ಹೇಳಿ. ನಾನು ಒಳಗೆ ಇರಲೇ ಇಲ್ಲ ಅಂತ ಅಷ್ಟಾದ್ರೂ ಹೇಳಿ."

"ಫೋನ್ ಕೊಡಲ್ಲ ಅವರು. ಕೊಟ್ರೂ ಅದನ್ನ ನಾನ್ಯಾಕೆ ಹೇಳ್ಲಿ?"

ಸಂಜೆ ಸುನಂದ ಬಸ್ಸಿಗೆ ಹೊರಡಲಿಲ್ಲ. ಮುಂಬಾಗಿಲ ಚಿಲಕ ತೆಗೆದು, ಬಾಗಿಲನ್ನು ಸುಮ್ಮನೆ ಮುಂದೆ ಹಾಕಿ, ಅದರ ಹಿಂದೆಯೇ ನೆಲದ ಮೇಲೆ ಕುಳಿತಳು. ಕೈಗೆಟಕುವ ಎತ್ತರದಲ್ಲಿ ಬಾಗಿಲ ಬಣ್ಣ ಹಳೆಯದಾಗಿ ಸಿಪ್ಪೆ ಎದ್ದಿತ್ತು. ಹೊರಗೆ ಬಲ್ಬು ಹೊತ್ತಿಕೊಂಡದ್ದು ಬಾಗಿಲ ಸಂದಿನಲ್ಲಿ ಗೆರೆಯಾಗಿ ಕಂಡಿತು. ಅವಳು ಫೋನ್ ತೆಗೆದು ಸಹಾಯವಾಣಿಗೆ ಮಾಡಿದಳು. ಈ ಸಲ ಮಾತಾಡಿದವಳು ಬೇರೆ ಹುಡುಗಿ. ಪ್ರಶ್ನೆ ಅದೇ.

"ಬಂದಿದ್ಲು. ನನ್ನ ಮನೆಗೇ ಬಂದಿದ್ಲು," ಎಂದಳು ಸುನಂದ. "ನಾನು ಇರಲಿಲ್ಲ. ಇದ್ದೀನಿ ಅಂತ ಲೈಟ್ ಹಾಕಿ ಕೋಲಾರಕ್ಕೆ ಹೋಗಿದ್ದೆ. ಬರ್ಕೊಳ್ಳಿ. ನನ್ನ ಹೆಸರೂ ಬರ್ಕೊಳ್ಳಿ."

ಹುಡುಗಿ ಬರೆದುಕೊಂಡಳು. ಪಕ್ಕದ ರಾಜ್ಯದವರಿಗೆ ತಿಳಿಸುತ್ತೇವೆ, ಸ್ವಲ್ಪ ತಡವಾಗಬಹುದು, ನಿಮ್ಮನ್ನೂ ಕರೆಸಬಹುದು ಎಂದಳು. ಆಗಲಿ ಎಂದು ಸುನಂದ ಫೋನ್ ಕೆಳಗಿಟ್ಟಳು. ಹಗುರವಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ.

ಹೆದ್ದಾರಿಯ ಕಡೆಯಿಂದ ಕೋಲಾರದ ಬಸ್ಸಿನ ಹಾರನ್ ಕೇಳಿಸಿ ಮರೆಯಾಯಿತು. ಆಮೇಲೆ ಜಗಲಿಯ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು, ಪುಟ್ಟ ಹೆಜ್ಜೆ. ಬಾಗಿಲ ಸಂದಿನ ಬೆಳಕಿಗೆ ಯಾರೋ ಅಡ್ಡ ನಿಂತರು. ಸಂದಿನಲ್ಲಿ ಶಾಲೆಯ ಲಂಗದ ಅಂಚು, ಕೈಯಲ್ಲೊಂದು ಹಾಲಿನ ಚೊಂಬು ಕಂಡವು. ಚಂದನ. ಸುನಂದ ಕಾದಳು. ಒಂದು ಸಲ ತಟ್ಟಿದರೆ ಸಾಕು, ತೆಗೆಯಲು ಕೈ ಸಿದ್ಧವಾಗಿತ್ತು.

ಚಂದನ ತಟ್ಟಲಿಲ್ಲ. ಸ್ವಲ್ಪ ಹೊತ್ತು ನಿಂತು ಮೆಟ್ಟಿಲಿಳಿದಳು. ಹೆಜ್ಜೆಗಳು ಗೋಡೆಯ ಪಕ್ಕದಲ್ಲೇ ಮನೆಯನ್ನು ಸುತ್ತಿಕೊಂಡು ಹಿತ್ತಿಲ ಕಡೆಗೆ ಹೋದವು. ಅಲ್ಲಿ, ಬೀಗ ಇದೆಯೋ ಇಲ್ಲವೋ ಎಂದು ಕತ್ತಲಲ್ಲಿ ಕೈಯಿಂದ ತಡವಿ ನೋಡುವ ಸದ್ದು ಕೇಳಿಸಿತು.